ಕೆಟ್ಟಿರುವುದು ಯಾವ ಭಾಗ? ಹಳೆಯ ಲ್ಯಾಪ್‌ಟಾಪ್‌ಗಳ ದೋಷಪತ್ತೆ ಕುರಿತು

ಸ್ನೇಹಿತರೇ,

ಹಳೆಯ ಲ್ಯಾಪ್‌ಟಾಪ್ ಆನ್ ಆಗದೆ ಹೋದಾಗ ಬಹಳ ಜನರ ಬಾಯಿಂದ ಮೊದಲು ಹೊರಡುವ ಮಾತು ‘ಮದರ್‌ಬೋರ್ಡ್ ಹೋಗಿದೆ’ ಎಂಬುದು. ಎಲ್ಲ ಭಾಗಗಳನ್ನೂ ಜೋಡಿಸುವ ಆ ಮುಖ್ಯ ಬೋರ್ಡ್ ಹೋಗಿರುವುದೂ ಉಂಟು. ಆದರೆ ಉಳಿದ ಭಾಗಗಳನ್ನು ಒಂದೊಂದಾಗಿ ಪರೀಕ್ಷಿಸಿ, ದೋಷ ಅವುಗಳಲ್ಲಿ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲಷ್ಟೇ ಹೇಳಬಹುದಾದ ಮಾತು ಅದು. ಆದ್ದರಿಂದ ಇಂದು ನಾನು ದುರಸ್ತಿಗಿಂತ ಹೆಚ್ಚಾಗಿ ದೋಷಪತ್ತೆಯ ಬಗ್ಗೆ, ಅದರಲ್ಲೂ ಪರೀಕ್ಷೆಗಳ ಕ್ರಮದ ಬಗ್ಗೆ ಮಾತನಾಡುತ್ತೇನೆ.

ಮೊದಲು ವಿದ್ಯುತ್ತಿನ ದಾರಿಯನ್ನು ನೋಡಬೇಕು. ಅಡಾಪ್ಟರ್‌ನ ಮೇಲಿನ ಚೀಟಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿರುತ್ತದೆ. ಹಲವು ಲ್ಯಾಪ್‌ಟಾಪ್‌ಗಳಲ್ಲಿ ಅದು 19 ಅಥವಾ 19.5 ವೋಲ್ಟ್. ಮಲ್ಟಿಮೀಟರ್ ಅಷ್ಟನ್ನೇ ತೋರಿಸಿತೆಂದು ಅಡಾಪ್ಟರ್ ಸರಿಯಾಗಿದೆ ಎಂದುಕೊಳ್ಳುವಂತಿಲ್ಲ, ಏಕೆಂದರೆ ಸೊರಗಿದ ಅಡಾಪ್ಟರ್ ಹೊರೆಯಿಲ್ಲದಾಗ ಪೂರ್ತಿ ವೋಲ್ಟೇಜ್ ತೋರಿಸಿ, ಯಂತ್ರ ಕೆಲಸ ಶುರುಮಾಡಿದೊಡನೆ ಕುಸಿಯಬಹುದು. ಅದೇ ಮಾದರಿಯ ಇನ್ನೊಂದು ಅಡಾಪ್ಟರ್ ಹಾಕಿ ನೋಡುವುದೇ ಇಲ್ಲಿ ನಂಬಬಹುದಾದ ಪರೀಕ್ಷೆ. ಡೆಲ್‌ನಂತಹ ಕೆಲವು ತಯಾರಕರ ಅಡಾಪ್ಟರ್ ಪಿನ್ನಿನ ನಡುವೆ ಒಂದು ಸಣ್ಣ ಸೂಜಿಯಂಥ ಪಿನ್ ಇರುತ್ತದೆ. ಅಡಾಪ್ಟರ್ ಯಾವುದು, ಎಷ್ಟು ವ್ಯಾಟ್‌ನದು ಎಂಬುದು ಲ್ಯಾಪ್‌ಟಾಪ್‌ಗೆ ತಿಳಿಯುವುದು ಅದರ ಮೂಲಕ. ಆ ಒಂದು ತಂತಿ ತುಂಡಾದರೆ ಯಂತ್ರ ನಡೆಯುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಹೀಗಾದಾಗ ಬ್ಯಾಟರಿಯನ್ನು ದೂರಿ ಹೊಸದನ್ನು ಕೊಂಡವರು ಎಷ್ಟೋ ಮಂದಿ.

ಅಡಾಪ್ಟರ್ ಸರಿಯಿದ್ದೂ ಯಂತ್ರ ನಿಶ್ಚಲವಾಗಿದ್ದರೆ, ಅಡಾಪ್ಟರ್ ಮತ್ತು ಬ್ಯಾಟರಿ ಎರಡನ್ನೂ ತೆಗೆದು, ಪವರ್ ಗುಂಡಿಯನ್ನು ಸುಮಾರು ಮೂವತ್ತು ಸೆಕೆಂಡು ಒತ್ತಿಹಿಡಿಯಿರಿ. ಒಳಗೆ ಉಳಿದ ವಿದ್ಯುತ್ತು ಹರಿದುಹೋಗಿ, ಸಿಕ್ಕಿಹಾಕಿಕೊಂಡಿದ್ದ ನಿಯಂತ್ರಕ ಚಿಪ್ ಹೊಸದಾಗಿ ಪ್ರಾರಂಭವಾಗುತ್ತದೆ. ನಂತರ ಬ್ಯಾಟರಿ ಇಲ್ಲದೆ, ಅಡಾಪ್ಟರ್ ಮಾತ್ರ ಜೋಡಿಸಿ ಆನ್ ಮಾಡಿ. ಮಂತ್ರದಂತೆ ಕಾಣುವ ಈ ಕ್ರಮ ಎಷ್ಟೋ ಸಲ ಫಲಿಸುವುದನ್ನು ಕಂಡಿದ್ದೇನೆ.

ದೀಪ ಹತ್ತುತ್ತದೆ, ಫ್ಯಾನ್ ತಿರುಗುತ್ತದೆ, ಆದರೆ ಪರದೆ ಕಪ್ಪಗಿದೆ ಎಂದಾದರೆ ಹೊರಗಿನ ಮಾನಿಟರ್ ಒಂದನ್ನು ಜೋಡಿಸಿ. ಅದರಲ್ಲಿ ಚಿತ್ರ ಬಂದರೆ ದೋಷ ಪರದೆಯಲ್ಲಿ ಅಥವಾ ಅದರ ಕೇಬಲ್‌ನಲ್ಲಿದೆ. ಆಗ ಕಪ್ಪು ಪರದೆಯ ಮೇಲೆ ಓರೆಯಾಗಿ ಟಾರ್ಚ್ ಹಿಡಿದು ನೋಡಿ. ಮಸುಕಾಗಿ ಚಿತ್ರ ಕಂಡರೆ ಹಿಂಬದಿಯ ಬೆಳಕಷ್ಟೇ ಹೋಗಿದೆ. ಎಲ್‌ಇಡಿ ಬರುವ ಮೊದಲಿನ ಯಂತ್ರಗಳಲ್ಲಿ ಈ ಬೆಳಕಿಗೆ ತೆಳುವಾದ ಫ್ಲೋರೊಸೆಂಟ್ ಕೊಳವೆಯೂ ಅದಕ್ಕೆ ಹೆಚ್ಚಿನ ವೋಲ್ಟೇಜ್ ಒದಗಿಸುವ ಇನ್ವರ್ಟರ್ ಎಂಬ ಪಟ್ಟಿಯೂ ಇರುತ್ತಿದ್ದವು, ಮತ್ತು ಇನ್ವರ್ಟರ್ ಕೆಡುವುದು ಸಾಮಾನ್ಯವಾಗಿತ್ತು. ಮುಚ್ಚಳದ ಕೋನ ಬದಲಿಸಿದಂತೆ ಚಿತ್ರ ಬಂದು ಹೋಗುತ್ತಿದ್ದರೆ ಹಿಂಜ್‌ನ ಬಳಿ ಕೇಬಲ್ ಸವೆದಿದೆ ಎಂದು ಶಂಕಿಸಬೇಕು.

ಹೊರಗಿನ ಮಾನಿಟರ್‌ನಲ್ಲೂ ಏನೂ ಬರದಿದ್ದರೆ ಮುಂದಿನ ಸರದಿ ತಾತ್ಕಾಲಿಕ ನೆನಪಿನ ಪಟ್ಟಿಯಾದ ರ್‍ಯಾಮ್‌ನದು. ಬ್ಯಾಟರಿ ಕಳಚಿದ ಮೇಲೆ ಅದನ್ನು ತೆಗೆದು, ಸಂಪರ್ಕದ ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ ಮತ್ತೆ ಕೂರಿಸಿ. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ, ಎರಡೂ ಸ್ಲಾಟ್‌ಗಳಲ್ಲಿ ಹಾಕಿ ನೋಡಬೇಕು. ಯಂತ್ರ ಹೊರಡಿಸುವ ಬೀಪ್ ಸದ್ದನ್ನೂ ದೀಪಗಳ ಮಿಣುಕನ್ನೂ ಎಣಿಸಿಕೊಳ್ಳಿ. ಆ ಎಣಿಕೆಯ ಅರ್ಥ ತಯಾರಕರ ಸರ್ವಿಸ್ ಕೈಪಿಡಿಯಲ್ಲಿ ಇರುತ್ತದೆ.

ಈಗ ಶಾಖದ ವಿಷಯ. ಹಳೆಯ ಲ್ಯಾಪ್‌ಟಾಪ್‌ಗಳ ಕಾಯಿಲೆಗಳಲ್ಲಿ ಅತಿ ಹೆಚ್ಚು ತಪ್ಪಾಗಿ ಅರ್ಥವಾಗುವುದು ಇದೇ ಎಂದು ನನ್ನ ಅಭಿಪ್ರಾಯ. ಯಂತ್ರ ನಿಧಾನವಾದಾಗ ಜನ ವೈರಸ್ಸನ್ನು ಹುಡುಕುತ್ತಾರೆ, ವಿಂಡೋಸ್ ಮರುಸ್ಥಾಪಿಸುತ್ತಾರೆ. ಆದರೆ ಪ್ರೊಸೆಸರ್ ತನ್ನ ತಾಪದ ಮಿತಿಯನ್ನು, ಅಂದರೆ ಬಹುಪಾಲು ಚಿಪ್‌ಗಳಲ್ಲಿ 100 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸನ್ನು, ಮುಟ್ಟುವ ಹೊತ್ತಿಗೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದೂ ಸಾಲದೆ ಬಂದರೆ ಯಂತ್ರ ಯಾವ ಸೂಚನೆಯನ್ನೂ ಕೊಡದೆ ಆರಿಹೋಗುತ್ತದೆ. ಹತ್ತಿಪ್ಪತ್ತು ನಿಮಿಷ ಚೆನ್ನಾಗಿ ನಡೆದು, ವೀಡಿಯೊ ಹಾಕಿದಾಗ ಆರಿ, ತಕ್ಷಣ ಆನ್ ಮಾಡಿದರೆ ಇನ್ನೂ ಬೇಗ ಆರಿಹೋಗುವ ಯಂತ್ರ ಹೆಚ್ಚುಕಡಿಮೆ ತನ್ನ ರೋಗವನ್ನು ತಾನೇ ಹೇಳುತ್ತಿರುತ್ತದೆ. ಫ್ಯಾನ್ ಮತ್ತು ಚಿಪ್ಪಿನ ಶಾಖ ಹೊರಗೊಯ್ಯುವ ಲೋಹದ ಹೀಟ್ ಸಿಂಕ್‌ನ ತೆಳು ರೆಕ್ಕೆಗಳ ನಡುವೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ಹೊರಗಿನಿಂದ ಗಾಳಿ ಊದಿದರೆ ಅದು ಸ್ವಲ್ಪ ಸರಿದೀತು, ಪೂರ್ತಿ ಹೋಗಬೇಕಾದರೆ ಫ್ಯಾನ್ ಬಿಚ್ಚಲೇಬೇಕು. ಊದುವಾಗ ಫ್ಯಾನ್ ಅತಿವೇಗದಲ್ಲಿ ತಿರುಗದಂತೆ ಹಿಡಿದುಕೊಳ್ಳಿ. ಹೀಟ್ ಸಿಂಕ್ ತೆಗೆದ ಮೇಲೆ ಚಿಪ್ಪಿನಿಂದ ಅದಕ್ಕೆ ಶಾಖ ದಾಟಿಸುವ, ಒಣಗಿದ ಹಳೆಯ ಥರ್ಮಲ್ ಪೇಸ್ಟ್ ಒರೆಸಿ ಹೊಸದನ್ನು ತೆಳುವಾಗಿ ಹಚ್ಚದೆ ಮರುಜೋಡಣೆ ಮಾಡಬಾರದು.

ಇದೇ ಶಾಖಕ್ಕೆ ಸಂಬಂಧಿಸಿದ ಇನ್ನೊಂದು ಪ್ರಸಂಗವೂ ಇದೆ. 2008ರಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್‌ಗಳು ವಿಫಲವಾಗುತ್ತಿರುವುದನ್ನು ಒಪ್ಪಿಕೊಂಡು, ಆ ವೆಚ್ಚಕ್ಕೆಂದು 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತು. ಬಿಸಿಯಾಗಿ ತಣ್ಣಗಾಗುವ ಆವರ್ತನೆಯಿಂದ ಚಿಪ್ಪಿನ ಪ್ಯಾಕೇಜಿನೊಳಗಿನ ಸಂಪರ್ಕಗಳು ಬಿರುಕು ಬಿಡುತ್ತಿದ್ದವು. ಅಂಥ ಬೋರ್ಡನ್ನು ಬಿಸಿಗಾಳಿಯಲ್ಲೋ ಓವನ್ನಿನಲ್ಲೋ ಕಾಯಿಸಿ ‘ಸರಿಪಡಿಸುವ’ ಪದ್ಧತಿ ಈಗಲೂ ಇದೆ. ಅದನ್ನು ನಾನು ದುರಸ್ತಿ ಎಂದು ಕರೆಯಲಾರೆ. ಬಿರುಕು ಕೆಲಕಾಲ ಕೂಡಿಕೊಂಡು ಮತ್ತೆ ತೆರೆಯುತ್ತದೆ.

ಹಾರ್ಡ್ ಡಿಸ್ಕ್‌ನ ವಿಷಯದಲ್ಲಿ ಮಾತ್ರ ಕ್ರಮ ಬೇರೆ. ಟಿಕ್ ಟಿಕ್ ಎಂಬ ಸದ್ದು ಬರುತ್ತಿದ್ದರೆ, ಅಥವಾ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡುವ ಸ್ಮಾರ್ಟ್ ವರದಿಯಲ್ಲಿ, ಕೆಟ್ಟು ಬದಲಾಯಿಸಲಾದ ಮತ್ತು ಓದಲಾಗದೆ ಬಾಕಿ ಉಳಿದ ತುಣುಕುಗಳ, ಅಂದರೆ ಸೆಕ್ಟರ್‌ಗಳ ಎಣಿಕೆ ಏರುತ್ತಿದ್ದರೆ, ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ ಕಡತಗಳನ್ನು ಬೇರೆಡೆಗೆ ನಕಲಿಸಿಕೊಳ್ಳಬೇಕು. ಡಿಸ್ಕ್ ಸರಿಪಡಿಸುವ ತಂತ್ರಾಂಶವನ್ನು ಆ ಸ್ಥಿತಿಯಲ್ಲಿ ಓಡಿಸುವುದು, ಉಳಿದಿರುವ ಅಲ್ಪ ಆಯುಸ್ಸನ್ನೂ ಓದುವುದಕ್ಕೆ ಬದಲು ಬರೆಯುವುದಕ್ಕೆ ವ್ಯಯಿಸಿದಂತೆ. ದೋಷ ಡಿಸ್ಕಿನದೋ ತಂತ್ರಾಂಶದ್ದೋ ಎಂಬ ಸಂಶಯವಿದ್ದರೆ ಲಿನಕ್ಸ್ ಇರುವ ಪೆನ್ ಡ್ರೈವ್‌ನಿಂದ ಯಂತ್ರವನ್ನು ಪ್ರಾರಂಭಿಸಿ ನೋಡಿ. ಕೀಲಿಮಣೆಗೂ ಇಂಥದೇ ಪರೀಕ್ಷೆ ಇದೆ: ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಬಯೋಸ್ ಎಂಬ ಸೆಟ್ಟಿಂಗ್ ಪುಟದಲ್ಲೂ ಕೀಲಿ ಕೆಲಸ ಮಾಡದಿದ್ದರೆ ವಿಂಡೋಸ್‌ನ ತಪ್ಪಿಲ್ಲ.

ಪ್ರತಿ ಸಲ ಆನ್ ಮಾಡಿದಾಗಲೂ ದಿನಾಂಕ ಹಿಂದಕ್ಕೆ ಹೋಗುತ್ತಿದ್ದರೆ ಬೋರ್ಡಿನ ಮೇಲಿನ 3 ವೋಲ್ಟ್‌ನ ನಾಣ್ಯದಾಕಾರದ ಸೆಲ್ ಬದಲಿಸಿದರಾಯಿತು. ಉಬ್ಬಿದ ಮುಖ್ಯ ಬ್ಯಾಟರಿಯ ಗತಿ ಹಾಗಲ್ಲ. ಅದನ್ನು ಒತ್ತಿ ಕೂರಿಸುವುದು, ಚುಚ್ಚುವುದು, ಚಾರ್ಜ್ ಮಾಡುವುದು, ಮೂರೂ ಬೆಂಕಿಗೆ ದಾರಿ. ಟಚ್‌ಪ್ಯಾಡ್ ಮೇಲೆದ್ದು ಒತ್ತಲು ಗಟ್ಟಿಯಾಗಿದ್ದರೆ ಅದರ ಕೆಳಗಿನ ಬ್ಯಾಟರಿಯನ್ನು ಒಮ್ಮೆ ನೋಡಿ.

ಬಿಚ್ಚುವಾಗ ತಿರುಪುಗಳನ್ನು ಅವು ಇದ್ದ ಜಾಗದ ಕ್ರಮದಲ್ಲೇ ಇಟ್ಟುಕೊಳ್ಳಿ, ಏಕೆಂದರೆ ಗಿಡ್ಡ ತಿರುಪಿನ ಜಾಗಕ್ಕೆ ಉದ್ದನೆಯದನ್ನು ಹಾಕಿದರೆ ಅದು ಬೋರ್ಡಿಗೇ ತಾಗಬಹುದು. ಪಟ್ಟಿ ಕೇಬಲ್‌ಗಳನ್ನು ಎಳೆಯುವ ಮೊದಲು ಅವುಗಳ ಚಿಕ್ಕ ಬೀಗ ಎತ್ತಬೇಕು.

ಇಷ್ಟೆಲ್ಲ ಮಾಡಿದ ಮೇಲೂ ಯಂತ್ರ ಏಳದಿದ್ದರೆ ಆಗ ಮದರ್‌ಬೋರ್ಡಿನ ಮಾತು ಆಡಬಹುದು, ಮತ್ತು ಆ ಕೆಲಸ ಚಿಪ್ ಮಟ್ಟದಲ್ಲಿ ದುರಸ್ತಿ ಬಲ್ಲವರದು. ಯಂತ್ರವನ್ನು ಅವರಿಗೆ ಒಪ್ಪಿಸುವಾಗ ಸಾಧ್ಯವಾದರೆ ಡಿಸ್ಕ್ ತೆಗೆದಿಟ್ಟುಕೊಳ್ಳಿ. ಯಾವ ಅಡಾಪ್ಟರ್ ಹಾಕಿ ನೋಡಿದಿರಿ, ರ್‍ಯಾಮ್ ಯಾವ ಸ್ಲಾಟ್‌ನಲ್ಲಿತ್ತು, ಬೀಪ್ ಎಷ್ಟು ಬಂತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರದ ಜೊತೆಗೇ ಕೊಡಿ.