ಮರ ಹೊತ್ತ ಬೆಳ್ಳಿ ನಾಣ್ಯ

ನಮಸ್ಕಾರ. ನಾಣ್ಯದ ಮೇಲೆ ರಾಜ, ರಾಣಿ, ಸಿಂಹ ಎಲ್ಲ ನೋಡಿದ್ದೀರಿ. ಮರ ನೋಡಿದ್ದೀರಾ? ಯಾವುದೋ ಒಂದು ಮರ ಅಲ್ಲ, ಇಂಥ ಊರಿನ ಇಂಥದೇ ಮರ.

1935ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯಕ್ಕೆ ಮುನ್ನೂರು ವರ್ಷ ತುಂಬಿದ ನೆನಪಿಗೆ ಅರ್ಧ ಡಾಲರಿನ ಬೆಳ್ಳಿ ನಾಣ್ಯ ಬಂತು. ತೂಕ 12.5 ಗ್ರಾಂ, ನೂರಕ್ಕೆ 90 ಪಾಲು ಬೆಳ್ಳಿ. ಅಚ್ಚಾಗಿದ್ದು ಸುಮಾರು 25,000, ಅಷ್ಟೇ. ಅದರಲ್ಲಿ ಇರುವುದು ಹಾರ್ಟ್‌ಫರ್ಡ್ ಪಟ್ಟಣದ ಒಂದು ಓಕ್ ಮರ.

ಕತೆ ಹೀಗುಂಟು. ಕನೆಕ್ಟಿಕಟ್ ಆಗ ಇಂಗ್ಲೆಂಡಿನ ವಸಾಹತು. ಅದಕ್ಕೆ ಹಿಂದೆ ಅಲ್ಲಿನ ರಾಜ ಕೊಟ್ಟಿದ್ದ ಸನ್ನದನ್ನು, ಅಂದರೆ ಆಡಳಿತದ ಹಕ್ಕುಪತ್ರವನ್ನು, ವಾಪಸ್ ಪಡೆಯಲು 1687ರಲ್ಲಿ ಆಂಡ್ರೋಸ್ ಎಂಬ ಗವರ್ನರ್ ಬಂದ. ಮಾತು ಎಳೆದೂ ಎಳೆದೂ ಕತ್ತಲಾಯಿತು, ಮೇಣದಬತ್ತಿಗಳು ಫಕ್ಕನೆ ಆರಿದವು, ಮತ್ತೆ ಹಚ್ಚಿ ನೋಡಿದರೆ ಸನ್ನದು ಮಾಯ! ವಾಡ್ಸ್‌ವರ್ತ್ ಎಂಬವನು ಅದನ್ನು ಆ ಓಕ್ ಮರದ ಪೊಟರೆಯಲ್ಲಿ ಬಚ್ಚಿಟ್ಟನಂತೆ. ಎಷ್ಟು ನಿಜವೋ, ಕತೆ ಮಾತ್ರ ಗಟ್ಟಿ. 1856ರ ಆಗಸ್ಟಿನ ಗಾಳಿಮಳೆಗೆ ಮರ ಬಿತ್ತು. ಹಾಗಾಗಿ ನಾಣ್ಯ ರೂಪಿಸಿದ ಹೆನ್ರಿ ಕ್ರೈಸ್ ಹಳೇ ಚಿತ್ರವನ್ನೇ ನೆಚ್ಚಬೇಕಾಯಿತು. ಮೂರು ಸೆಂಟಿಮೀಟರ್ ಅಗಲದಲ್ಲಿ ಇಡೀ ಮರ ಕೂರಬೇಕಲ್ವಾ, ಎಲೆಗಳು ಕಾಂಡದ ಅಳತೆಗೆ ವಿಪರೀತ ದೊಡ್ಡದಾಗಿವೆ. ನನಗೆ ಅದೇ ಇಷ್ಟ.

ನಮ್ಮಲ್ಲೂ ಇದು ಹೊಸತಲ್ಲ. ಸುಮಾರು ಎರಡು ಸಾವಿರ ವರ್ಷದ ಹಿಂದೆ ಹಿಮಾಲಯದ ತಪ್ಪಲಿನಲ್ಲಿ ಆಳಿದ ಕುಣಿಂದರ ಬೆಳ್ಳಿ ನಾಣ್ಯದಲ್ಲಿ ಸುತ್ತ ಬೇಲಿ ಕಟ್ಟಿದ ಮರವುಂಟು. ಅದು ನೆನಪಿನ ನಾಣ್ಯ ಅಲ್ಲ, ಸಂತೆಗೆ ಹೋಗುವ ದುಡ್ಡು.

ಇನ್ನು ನಮ್ಮ ಕಾಸರಗೋಡಿನ ಮಾತು. ನಮಗೊಂದು ನಾಣ್ಯ ಬಂದರೆ ಯಾವ ಮರ? ತೆಂಗು ಅಂತ ಎಲ್ಲರೂ ಹೇಳುತ್ತಾರೆ, 1916ರಿಂದ ಇಲ್ಲಿ ತೆಂಗಿನ ಸಂಶೋಧನೆ ನಡೆಯುತ್ತಿದೆ, ತಪ್ಪೇನಿಲ್ಲ. ನನ್ನ ಓಟು ಕಾಸರಕಕ್ಕೆ. 2023ರಲ್ಲಿ ಅದನ್ನೇ ಜಿಲ್ಲೆಯ ಮರ ಅಂತ ಘೋಷಿಸಿದರು. ಕಿತ್ತಳೆ ಬಣ್ಣದ ಹಣ್ಣು ಒಡೆದರೆ ಒಳಗೆ ಚಪ್ಪಟೆ ದುಂಡು ಬೀಜ, ಮೇಲೆ ನುಣ್ಣನೆ ರೋಮ, ಬೂದು ಹೊಳಪು. ಥೇಟ್ ಹಳೇ ಬೆಳ್ಳಿ ಪಾವಲಿ. ವಿಷ, ಬಾಯಿಗೆ ಹಾಕಬೇಡಿ ಮತ್ತೆ! ಆದರೆ ಸುಮ್ನೆ ಒಂದು ಕಾಸರಕದ ಚಿತ್ರ ಬೇಡ. ಯಾವುದಾದರೂ ಬನದಲ್ಲಿ ಕೊಡಲಿ ಬೀಳದೆ ಉಳಿದ ಒಂದು ಮರವನ್ನೇ ಹುಡುಕಿ, ಅದರ ಗಂಟು, ಬಾಗು ಸಮೇತ ಕೆತ್ತಬೇಕು.

ಮನೆಯಲ್ಲಿ ಹಳೇ ಬೆಳ್ಳಿ ನಾಣ್ಯ ಇದ್ದವರಿಗೆ ಒಂದು ಮಾತು. ಗಾಳಿಯ ಗಂಧಕದಿಂದ ಬೆಳ್ಳಿ ಕಪ್ಪಾಗುತ್ತದೆ, ಅದು ಸಹಜ. ದೀಪ ಉಜ್ಜಿದ ಹಾಗೆ ಹುಣಸೆಹುಳಿ, ವಿಭೂತಿ ಹಾಕಿ ಉಜ್ಜಬೇಡಿ. ಕೆತ್ತನೆ ಸವೆಯುತ್ತದೆ, ಸಂಗ್ರಹ ಮಾಡುವವರು ಕೊಡುವ ಬೆಲೆಯೂ ಇಳಿಯುತ್ತದೆ. ಅಂಚಿನಲ್ಲಿ ಹಿಡಿಯಿರಿ, ಒಣ ಜಾಗದಲ್ಲಿಡಿ. ನಮಸ್ಕಾರ.