ಯಾವ ಪೋರ್ಟ್‌ಲ್ಯಾಂಡ್? ಯಾವ ವಾಷಿಂಗ್ಟನ್? ಅಮೆರಿಕದಲ್ಲಿ ಒಂದೇ ಹೆಸರಿನ ಊರುಗಳು ಇಷ್ಟೊಂದು ಯಾಕೆ?

[ಪರದೆ: ನದಿ ದಂಡೆ, ಕಡಿದ ಮರಗಳ ಬೊಡ್ಡೆಗಳು. ಮೇಲೆ ‘1845’ ಎಂಬ ಬರಹ]

1845ನೇ ಇಸವಿ. ಅಮೆರಿಕದ ಪಶ್ಚಿಮದ ತುದಿಯಲ್ಲಿರುವ ಓರೆಗನ್ ಸೀಮೆ. ಅಲ್ಲಿನ ಒಂದು ಮನೆಯಲ್ಲಿ ಇಬ್ಬರು ಪಾಲುದಾರರು ಕೂತಿದ್ದಾರೆ. ಒಬ್ಬರು ಏಸಾ ಲವ್‌ಜಾಯ್, ವಕೀಲರು. ಇನ್ನೊಬ್ಬರು ಫ್ರಾನ್ಸಿಸ್ ಪೆಟ್ಟಿಗ್ರೋವ್, ಅಂಗಡಿ ವ್ಯಾಪಾರದವರು.

ಇವರಿಬ್ಬರದೂ ಸೇರಿ ವಿಲಾಮೆಟ್ ನದಿ ದಂಡೆಯಲ್ಲಿ 640 ಎಕರೆ ಜಾಗ ಇದೆ. ಅದು ಕೈಗೆ ಬಂದ ಕಥೆಯೂ ಮಜವಾಗಿದೆ. ಜಾಗವನ್ನು ಮೊದಲು ಗುರುತು ಮಾಡಿದ್ದು ವಿಲಿಯಂ ಓವರ್ಟನ್ ಎಂಬಾತ. ಅರ್ಜಿ ಹಾಕಲು ಬೇಕಿದ್ದ 25 ಸೆಂಟ್ ಅವನ ಹತ್ತಿರ ಇರಲಿಲ್ಲ. ಲವ್‌ಜಾಯ್ ಆ ಕಾಸು ಕೊಟ್ಟು ಅರ್ಧ ಪಾಲು ತಗೊಂಡರು. ಓವರ್ಟನ್ ತನ್ನ ಉಳಿದ ಅರ್ಧವನ್ನು ಪೆಟ್ಟಿಗ್ರೋವ್‌ಗೆ ಮಾರಿ ಹೊರಟೇ ಹೋದ.

ಈಗ ಅಲ್ಲಿ ಒಂದು ಪಟ್ಟಣ ಕಟ್ಟಬೇಕು. ಹೆಸರು ಏನಿಡೋದು? ಲವ್‌ಜಾಯ್ ಮ್ಯಾಸಚೂಸೆಟ್ಸ್ ಕಡೆಯವರು, ಅವರಿಗೆ ‘ಬಾಸ್ಟನ್’ ಬೇಕು. ಪೆಟ್ಟಿಗ್ರೋವ್ ಮೇನ್ ರಾಜ್ಯದವರು, ಅವರಿಗೆ ‘ಪೋರ್ಟ್‌ಲ್ಯಾಂಡ್’ ಬೇಕು. ಇಬ್ಬರೂ ಸೋಲಲು ತಯಾರಿಲ್ಲ. ಕೊನೆಗೆ ಒಂದು ತಾಮ್ರದ ಪೆನ್ನಿ ತೆಗೆದು ಟಾಸ್ ಹಾಕಿದರು. ಮೂರರಲ್ಲಿ ಎರಡು ಸಲ ಯಾರಿಗೆ ಬೀಳುತ್ತೋ ಅವರು ಹೇಳಿದ ಹೆಸರು. ಪೆಟ್ಟಿಗ್ರೋವ್ ಗೆದ್ದರು.

[ಪರದೆ: 1835ರ ತಾಮ್ರದ ನಾಣ್ಯ, ಹತ್ತಿರದಿಂದ]

ಆ ನಾಣ್ಯ ಇವತ್ತಿಗೂ ಇದೆ. 1835ರಲ್ಲಿ ಟಂಕಿಸಿದ ಒಂದು ಸೆಂಟಿನ ನಾಣ್ಯ. ಜನ ಅದನ್ನು ಪೋರ್ಟ್‌ಲ್ಯಾಂಡ್ ಪೆನ್ನಿ ಅಂತಲೇ ಕರೆಯುತ್ತಾರೆ. ಓರೆಗನ್ ಹಿಸ್ಟಾರಿಕಲ್ ಸೊಸೈಟಿ ಅದನ್ನು ಜೋಪಾನವಾಗಿ ಇಟ್ಟಿದೆ.

[ಚಾನೆಲ್ ಲೋಗೋ, ಸಂಗೀತ]

ನಮಸ್ಕಾರ. ಅಮೆರಿಕದ ನಕ್ಷೆ ತೆರೆದು ಯಾವುದಾದರೂ ಊರು ಹುಡುಕಿ ನೋಡಿ. ಸ್ಪ್ರಿಂಗ್‌ಫೀಲ್ಡ್ ಅಂದರೆ ಸಾಲಾಗಿ ಬರುತ್ತವೆ: ಮ್ಯಾಸಚೂಸೆಟ್ಸ್, ಇಲಿನಾಯ್, ಮಿಸೌರಿ, ಒಹಾಯೋ, ಓರೆಗನ್. ಫ್ರಾಂಕ್ಲಿನ್, ಸೇಲಂ, ಕೊಲಂಬಸ್, ಅರೋರಾ, ಎಲ್ಲದರದೂ ಇದೇ ಕಥೆ. ನಮ್ಮಲ್ಲೂ ಹೊಸಹಳ್ಳಿ ಅಂದರೆ ‘ಯಾವ ತಾಲ್ಲೂಕಿನದು?’ ಅಂತ ಕೇಳುತ್ತೇವಲ್ಲ, ಹಾಗೆಯೇ ಅಲ್ಲಿ ಊರಿನ ಜೊತೆ ರಾಜ್ಯವನ್ನೂ ಹೇಳಬೇಕು. ಹೇಳದಿದ್ದರೆ ಆ ವಿಳಾಸ ಅರ್ಧವೇ.

ಇದನ್ನು ನೋಡಿ ಕೆಲವರು ‘ಅಮೆರಿಕದವರಿಗೆ ಹೆಸರುಗಳ ಬರ’ ಅಂತ ನಗುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಊರು ಕಟ್ಟಿದವರಿಗೆ ಹೊಸ ಹೆಸರು ಬೇಕಾಗಿಯೇ ಇರಲಿಲ್ಲ. ಕೇಳಿದ ತಕ್ಷಣ ಜನ ನಂಬುವಂಥ ಹೆಸರು ಬೇಕಿತ್ತು. ಯಾಕೆಂದರೆ ಅವರು ಸೈಟ್ ಮಾರಬೇಕಿತ್ತು.

ಪೋರ್ಟ್‌ಲ್ಯಾಂಡನ್ನೇ ನೋಡಿ. ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್ ಆ ಕಾಲಕ್ಕೆ ಹೆಸರುವಾಸಿ ಬಂದರು. ಆ ಹೆಸರು ಕೂಡ ಸ್ವಂತದ್ದಲ್ಲ, ಇಂಗ್ಲೆಂಡಿನ ಡಾರ್ಸೆಟ್ ಕಡೆಯ ಪೋರ್ಟ್‌ಲ್ಯಾಂಡ್ ದ್ವೀಪದಿಂದ ಬಂದದ್ದು. ಟಾಸ್‌ನಲ್ಲಿ ಲವ್‌ಜಾಯ್ ಗೆದ್ದಿದ್ದರೂ ಕಥೆ ಬೇರೆ ಆಗುತ್ತಿರಲಿಲ್ಲ ಬಿಡಿ. ಬಾಸ್ಟನ್ ಅನ್ನುವುದೂ ಇಂಗ್ಲೆಂಡಿನ ಲಿಂಕನ್‌ಷೈರ್‌ನ ಒಂದು ಊರಿನ ಹೆಸರೇ.

ಈಗ ಸ್ಥಿತಿ ಪೂರ್ತಿ ತಲೆಕೆಳಗು. 2020ರ ಜನಗಣತಿಯಲ್ಲಿ ಓರೆಗನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ ಆರೂವರೆ ಲಕ್ಷ ಜನ. ಹೆಸರು ಕೊಟ್ಟ ಮೇನ್‌ನ ಪೋರ್ಟ್‌ಲ್ಯಾಂಡ್‌ನಲ್ಲಿ 70 ಸಾವಿರವೂ ಇಲ್ಲ. ಬರೀ ‘ಪೋರ್ಟ್‌ಲ್ಯಾಂಡ್’ ಅಂದರೆ ಜಗತ್ತಿನ ತಲೆಗೆ ಬರುವುದು ಕಿರಿಯದೇ. ಹಿರಿಯ ಊರಿನವರು ‘ಮೇನ್’ ಅಂತ ಸೇರಿಸಿ ಹೇಳಬೇಕು.

[ಪರದೆ: ಕ್ಯಾನ್ಸಸ್ ರಾಜ್ಯದ ನಕ್ಷೆ, ನದಿಯಲ್ಲಿ ಹಬೆ ದೋಣಿ]

ಬಾಸ್ಟನ್‌ಗೆ ಇಂಥದ್ದೇ ಇನ್ನೊಂದು ಸೋಲು ಹತ್ತು ವರ್ಷದ ನಂತರ ಕಾದಿತ್ತು. ಇದು ನನಗೆ ತುಂಬಾ ಇಷ್ಟವಾದ ಕಥೆ.

1855. ಕ್ಯಾನ್ಸಸ್ ಇನ್ನೂ ರಾಜ್ಯವಾಗಿರಲಿಲ್ಲ. ಬಾಸ್ಟನ್ ಕಡೆಯಿಂದ ಬಂದ ಒಂದು ಗುಂಪು ಅಲ್ಲಿ ಊರು ಕಟ್ಟಲು ಶುರು ಮಾಡಿ, ಅದಕ್ಕೆ ಬಾಸ್ಟನ್ ಅಂತಲೇ ಹೆಸರಿಟ್ಟಿತ್ತು. ಅಷ್ಟರಲ್ಲಿ ಸಿನ್ಸಿನ್ಯಾಟಿಯಿಂದ ‘ಹಾರ್ಟ್‌ಫರ್ಡ್’ ಎಂಬ ಹಬೆ ದೋಣಿಯಲ್ಲಿ ಇನ್ನೊಂದು ಗುಂಪು ಹೊರಟಿತ್ತು. ಅವರು ಇನ್ನೂ ಮುಂದೆ ಹೋಗಬೇಕಿತ್ತು. ಆದರೆ ದೋಣಿ ಕ್ಯಾನ್ಸಸ್ ನದಿಯ ಮರಳಿನಲ್ಲಿ ಸಿಕ್ಕಿಹಾಕಿಕೊಂಡಿತು. ಬಾಸ್ಟನ್‌ನವರು ‘ನಮ್ಮ ಜಾಗದಲ್ಲಿ ಅರ್ಧ ತಗೊಳ್ಳಿ, ಇಲ್ಲೇ ಇದ್ದುಬಿಡಿ’ ಅಂದರು. ಬಂದವರು ಒಪ್ಪಿದರು, ಒಂದು ಷರತ್ತಿನ ಮೇಲೆ. ತಾವು ಕಟ್ಟುವ ಊರಿಗೆ ಮ್ಯಾನ್‌ಹ್ಯಾಟನ್ ಅಂತಲೇ ಹೆಸರಿಡಬೇಕು ಅಂತ ಅವರ ಕಂಪನಿಯ ನಿಯಮಾವಳಿಯಲ್ಲೇ ಬರೆದುಕೊಂಡಿದ್ದರು! ನೋಡಿ, ಊರು ಎಲ್ಲಿ ಅನ್ನುವುದು ಬದಲಾದರೂ ಪರವಾಗಿಲ್ಲ, ಹೆಸರು ಮಾತ್ರ ಬದಲಾಗಬಾರದು.

ಹಾಗೆ ಕ್ಯಾನ್ಸಸ್‌ನ ಹುಲ್ಲುಗಾವಲಿನ ನಡುವೆ ಒಂದು ಮ್ಯಾನ್‌ಹ್ಯಾಟನ್ ಹುಟ್ಟಿತು. ಕ್ಯಾನ್ಸಸ್ ಸ್ಟೇಟ್ ಯೂನಿವರ್ಸಿಟಿ ಇರುವುದು ಇಲ್ಲೇ. ನ್ಯೂಯಾರ್ಕ್‌ಗೆ ‘ಬಿಗ್ ಆಪಲ್’ ಅಂತ ಅಡ್ಡಹೆಸರು ಇದೆಯಲ್ಲ, ಈ ಊರಿನವರು ತಮ್ಮದನ್ನು ‘ಲಿಟಲ್ ಆಪಲ್’ ಅಂತ ಕರೆದುಕೊಳ್ಳುತ್ತಾರೆ.

[ಪರದೆ: ಮೂರು ಬೋರ್ಡುಗಳು ಒಂದಾದ ಮೇಲೊಂದು ಬದಲಾಗುತ್ತವೆ]

ಹೆಸರಿನಲ್ಲೇ ದೊಡ್ಡಸ್ತಿಕೆ ತೋರಿಸಲು ಹೋಗಿ ಕೈಸುಟ್ಟುಕೊಂಡ ಊರೂ ಇದೆ. ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿದ ಸುದ್ದಿ ಹಬ್ಬಿ ಜನ ಮುಗಿಬಿದ್ದ ಕಾಲ, 1849. ಸ್ಯಾನ್ ಫ್ರಾನ್ಸಿಸ್ಕೊದಿಂದ ಸ್ವಲ್ಪ ಒಳಗೆ, ನದಿಗಳು ಬಂದು ಸೇರುವ ಕಡೆ, ಜೋನಾಥನ್ ಸ್ಟೀವನ್ಸನ್ ಎಂಬುವರು ಒಂದು ಪಟ್ಟಣದ ನಕ್ಷೆ ಹಾಕಿಸಿದರು. ಹೆಸರು ‘ನ್ಯೂಯಾರ್ಕ್ ಆಫ್ ದಿ ಪೆಸಿಫಿಕ್’. ಅಳತೆ ಮಾಡಿದವರಲ್ಲಿ ವಿಲಿಯಂ ಶೆರ್ಮನ್ ಕೂಡ ಒಬ್ಬರು. ಹೌದು, ಮುಂದೆ ಅಂತರ್ಯುದ್ಧದಲ್ಲಿ ದೊಡ್ಡ ಹೆಸರು ಮಾಡಿದ ಜನರಲ್ ಶೆರ್ಮನ್ ಅವರೇ. ನ್ಯೂಯಾರ್ಕ್ ಅಂತ ಕರೆದರೇನು, ಅದು ನ್ಯೂಯಾರ್ಕ್ ಆಗಲಿಲ್ಲ. ಹತ್ತಿರದ ಗುಡ್ಡಗಳಲ್ಲಿ ಕಲ್ಲಿದ್ದಲು ಸಿಕ್ಕಿತು, ಊರು ‘ಬ್ಲ್ಯಾಕ್ ಡೈಮಂಡ್’ ಆಯಿತು. ಆಮೇಲೆ ಉಕ್ಕಿನ ಕಾರ್ಖಾನೆ ಬಂತು. ಉಕ್ಕು ಅಂದಮೇಲೆ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ನೆನಪಾಗಲೇಬೇಕು ಅಲ್ವಾ? 1911ರಲ್ಲಿ ಊರು ‘ಪಿಟ್ಸ್‌ಬರ್ಗ್’ ಆಯಿತು. ಕಸುಬು ಬದಲಾದ ಹಾಗೆ ಬೋರ್ಡೂ ಬದಲು.

ಇಲ್ಲೊಂದು ಸಣ್ಣ ತಮಾಷೆ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್ ಬರೆಯುವಾಗ ಇಂಗ್ಲಿಷ್‌ನಲ್ಲಿ ಕೊನೆಗೆ ‘ಎಚ್’ ಅಕ್ಷರ ಬರುತ್ತದೆ. 1890ರಲ್ಲಿ ಅಮೆರಿಕ ಸರ್ಕಾರ ಊರಿನ ಹೆಸರುಗಳನ್ನು ಒಂದು ಕ್ರಮಕ್ಕೆ ತರಲು ಮಂಡಳಿ ಮಾಡಿತು. ಆ ಮಂಡಳಿ ಮರುವರ್ಷವೇ ಈ ‘ಎಚ್’ ಬೇಡ ಅಂತ ಕತ್ತರಿ ಹಾಕಿತು. ಊರಿನವರು ಬಿಡಲಿಲ್ಲ, ಇಪ್ಪತ್ತು ವರ್ಷ ಜಗ್ಗಾಡಿ 1911ರಲ್ಲಿ ವಾಪಸ್ ಪಡೆದರು. ಕ್ಯಾಲಿಫೋರ್ನಿಯಾದ ಊರು ಆ ಹೆಸರು ತಗೊಂಡದ್ದೂ ಅದೇ ವರ್ಷ. ಆದರೆ ‘ಎಚ್’ ಇಲ್ಲದ ಹೆಸರು. ಇವತ್ತಿಗೂ ಅಲ್ಲಿ ‘ಎಚ್’ ಇಲ್ಲ.

[ಪರದೆ: ಒಂದೇ ರಸ್ತೆ, ಎಡಕ್ಕೆ ಒಂದು ರಾಜ್ಯ, ಬಲಕ್ಕೆ ಇನ್ನೊಂದು]

ಇಲ್ಲಿಯವರೆಗೆ ನೋಡಿದ್ದು ದೂರ ದೂರದ ಊರುಗಳು. ಈಗ ಅಕ್ಕಪಕ್ಕದ ಎರಡು ಊರು ನೋಡೋಣ. ಕ್ಯಾನ್ಸಸ್ ಸಿಟಿ, ಮಿಸೌರಿ. ಕ್ಯಾನ್ಸಸ್ ಸಿಟಿ, ಕ್ಯಾನ್ಸಸ್. ಎರಡರ ನಡುವೆ ರಾಜ್ಯದ ಗಡಿ. ಆ ಭಾಗದಲ್ಲಿ ಗಡಿಯ ಮೇಲೇ ಓಡುವ ಒಂದು ರಸ್ತೆ ಇದೆ, ಹೆಸರು ಸ್ಟೇಟ್ ಲೈನ್ ರೋಡ್. ಒಂದು ಬದಿಯ ಮನೆಯವರು ಮಿಸೌರಿಗೆ ತೆರಿಗೆ ಕಟ್ಟುತ್ತಾರೆ, ಎದುರು ಬದಿಯವರು ಕ್ಯಾನ್ಸಸ್‌ಗೆ.

ಕ್ಯಾನ್ಸಸ್ ಸಿಟಿ ಅಂದರೆ ಕ್ಯಾನ್ಸಸ್ ರಾಜ್ಯದ ದೊಡ್ಡ ಊರು ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆದರೆ ದೊಡ್ಡದು ಮಿಸೌರಿಯದು, ಹಳೆಯದೂ ಅದೇ. 1850ರಲ್ಲಿ ಅದು ‘ಟೌನ್ ಆಫ್ ಕ್ಯಾನ್ಸಸ್’ ಅಂತ ನೋಂದಣಿ ಆದಾಗ ಕ್ಯಾನ್ಸಸ್ ಎಂಬ ರಾಜ್ಯವೇ ಇರಲಿಲ್ಲ. ಕ್ಯಾನ್ಸಸ್ ಟೆರಿಟರಿ, ಅಂದರೆ ಇನ್ನೂ ರಾಜ್ಯದ ಸ್ಥಾನ ಸಿಗದ ಪ್ರಾಂತ್ಯ, ಆಗಿದ್ದು 1854ರಲ್ಲಿ, ರಾಜ್ಯ ಆಗಿದ್ದು 1861ರಲ್ಲಿ. ಊರಿಗೂ ರಾಜ್ಯಕ್ಕೂ ಹೆಸರು ಬಂದ ಮೂಲ ಒಂದೇ: ಅಲ್ಲಿ ವಾಸವಾಗಿದ್ದ ಕಾನ್ಸಾ ಎಂಬ ಮೂಲನಿವಾಸಿಗಳು ಮತ್ತು ಅವರ ಹೆಸರಿನ ನದಿ. ಗಡಿಯಾಚೆಯ ಕ್ಯಾನ್ಸಸ್ ಸಿಟಿ 1872ರಲ್ಲಿ ಶುರುವಾಗಿ, 1886ರಲ್ಲಿ ಅಕ್ಕಪಕ್ಕದ ಪಟ್ಟಣಗಳನ್ನು ಸೇರಿಸಿಕೊಂಡು ಬೆಳೆಯಿತು.

ಈ ಗೊಂದಲಕ್ಕೆ ದೊಡ್ಡವರೂ ಬಿದ್ದಿದ್ದಾರೆ. 2020ರ ಫೆಬ್ರವರಿಯಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತಂಡ ಅಮೆರಿಕನ್ ಫುಟ್‌ಬಾಲ್‌ನ ಫೈನಲ್ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಆಗ ಅಧ್ಯಕ್ಷರಾಗಿದ್ದ ಡೊನಾಲ್ಡ್ ಟ್ರಂಪ್ ಟ್ವೀಟ್ ಮಾಡಿ ಕ್ಯಾನ್ಸಸ್ ರಾಜ್ಯವನ್ನು ಹೊಗಳಿದರು. ತಂಡದ ಸ್ಟೇಡಿಯಂ ಇದ್ದದ್ದು ಮಿಸೌರಿಯಲ್ಲಿ! ಸ್ವಲ್ಪ ಹೊತ್ತಿಗೆ ಟ್ವೀಟ್ ಅಳಿಸಿ, ರಾಜ್ಯದ ಹೆಸರು ಸರಿಮಾಡಿ ಮತ್ತೆ ಹಾಕಿದರು. ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಊರೆಲ್ಲ ಸುತ್ತಿತ್ತು.

[ಪರದೆ: ಹಳೆಯ ಅಂಚೆ ಕಚೇರಿ, ಕಾಗದ ಹಾಕುವ ಗೂಡುಗಳು]

ಹಾಗಾದರೆ ಇದನ್ನು ತಡೆಯುವವರು ಯಾರೂ ಇರಲಿಲ್ವಾ? ಇದ್ದರು, ಅಂಚೆ ಇಲಾಖೆಯವರು. ಅಮೆರಿಕದಲ್ಲಿ ಊರುಗಳಿಗೆ ಮಾನ್ಯತೆ ಕೊಡುವುದು ಆಯಾ ರಾಜ್ಯ. ದೇಶಕ್ಕೆಲ್ಲ ಒಂದೇ ಪಟ್ಟಿ ಇಟ್ಟುಕೊಂಡು ‘ಈ ಹೆಸರು ಆಗಲೇ ಹೋಗಿದೆ’ ಅನ್ನುವ ಕಚೇರಿ ಇರಲಿಲ್ಲ. ಆದರೆ ಕಾಗದ ಸರಿಯಾದ ಊರಿಗೆ ಹೋಗಬೇಕಲ್ಲ? ಅದಕ್ಕೆ ಅಂಚೆಯವರು ಒಂದು ಪಟ್ಟು ಹಿಡಿದರು: ಒಂದು ರಾಜ್ಯದೊಳಗೆ ಒಂದೇ ಹೆಸರಿನ ಎರಡು ಅಂಚೆ ಕಚೇರಿ ಇರಕೂಡದು. ರಾಜ್ಯದ ಹೊರಗೆ ಎಷ್ಟಾದರೂ ಇರಲಿ. ಒಂದೊಂದು ರಾಜ್ಯಕ್ಕೆ ಒಂದೊಂದು ಸ್ಪ್ರಿಂಗ್‌ಫೀಲ್ಡ್ ಆರಾಮಾಗಿ ಉಳಿದದ್ದು ಹೀಗೆ.

ಈ ನಿಯಮದಿಂದ ಹೆಸರು ಕಳೆದುಕೊಂಡ ಊರುಗಳೂ ಬೇಕಾದಷ್ಟಿವೆ. ಮಿಸೌರಿಯ ಒಂದು ಊರಿನವರು ‘ಎಕ್ಸೆಲ್ಸಿಯರ್’ ಅಂತ ಹೆಸರು ಕೇಳಿದರು. ರಾಜ್ಯದಲ್ಲಿ ಆಗಲೇ ಒಂದಿದೆ, ಆಗಲ್ಲ ಅಂತ ಉತ್ತರ ಬಂತು. ಅಲ್ಲಿನವರು ಹೇಳುವ ಪ್ರಕಾರ, ಪೋಸ್ಟ್‌ಮಾಸ್ಟರ್ ಬೇಸತ್ತು ‘ಏನಾದರೂ ಇಡಿ, ಸ್ವಲ್ಪ ವಿಚಿತ್ರವಾಗಿದ್ದರೆ ಸಾಕು’ ಅಂತ ಬರೆದರಂತೆ. ಇಲಾಖೆ ಅದನ್ನೇ ಹೆಸರಾಗಿ ಕೊಟ್ಟುಬಿಟ್ಟಿತು. ಮಿಸೌರಿಯ ‘ಪಿಕ್ಯೂಲಿಯರ್’ ಎಂಬ ಊರು ಇವತ್ತಿಗೂ ಇದೆ, ಬೋರ್ಡ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬಹುದು.

1963ರಲ್ಲಿ ನಮ್ಮ ಪಿನ್ ಕೋಡ್ ಥರದ ಐದಂಕಿಯ ಜಿಪ್ ಕೋಡ್ ಬಂತು. ಆಮೇಲೆ ಹೆಸರಿನ ಗೋಜಲು ಅಂಚೆಯವರಿಗೆ ಅಷ್ಟು ತಲೆನೋವಾಗಿ ಉಳಿಯಲಿಲ್ಲ.

ಗೊಂದಲ ತಪ್ಪಿಸಲು ಹೋಗಿ ಇನ್ನೂ ದೊಡ್ಡ ಗೊಂದಲ ಮಾಡಿದ ಹೆಗ್ಗಳಿಕೆ ಮಾತ್ರ ಅಮೆರಿಕದ ಸಂಸತ್ತಿಗೇ ಸಲ್ಲಬೇಕು. 1852ರಲ್ಲಿ ಕೊಲಂಬಿಯಾ ನದಿಯ ಉತ್ತರಕ್ಕಿದ್ದ ಜನ ತಮ್ಮ ಸೀಮೆಯನ್ನು ಓರೆಗನ್‌ನಿಂದ ಬೇರೆ ಮಾಡಿ ‘ಕೊಲಂಬಿಯಾ’ ಅಂತ ಹೆಸರಿಡಿ ಅಂದರು. ರಾಜಧಾನಿ ಇರುವ ಡಿಸ್ಟ್ರಿಕ್ಟ್ ಆಫ್ ಕೊಲಂಬಿಯಾ ಜೊತೆ ಜನ ಇದನ್ನು ಗೊಂದಲ ಮಾಡಿಕೊಳ್ಳುತ್ತಾರೆ ಅಂತ ಕೆಂಟಕಿಯ ಸದಸ್ಯ ರಿಚರ್ಡ್ ಸ್ಟ್ಯಾಂಟನ್ ಆಕ್ಷೇಪ ಎತ್ತಿದರು. ಅವರು ಸೂಚಿಸಿದ ಬದಲಿ ಹೆಸರು? ವಾಷಿಂಗ್ಟನ್! 1853ರಲ್ಲಿ ಸಂಸತ್ತು ಒಪ್ಪಿತು. ಅದರ ಫಲ ಇವತ್ತು ಸಿಯಾಟಲ್‌ನಲ್ಲಿರುವ ನಮ್ಮವರು ಉಣ್ಣುತ್ತಿದ್ದಾರೆ. ಊರಿನವರಿಗೆ ‘ವಾಷಿಂಗ್ಟನ್‌ನಲ್ಲಿದ್ದೀನಿ’ ಅಂದರೆ ‘ಓ, ವೈಟ್ ಹೌಸ್ ಹತ್ರಾನಾ?’ ಅಂತ ಕೇಳುತ್ತಾರೆ.

[ಪರದೆ: ವಿಮಾನ ಟಿಕೆಟ್, ಮೂರಕ್ಷರದ ಕೋಡ್ ಮೇಲೆ ಕೆಂಪು ವೃತ್ತ]

ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೊರಟ ಅಪ್ಪ ಅಮ್ಮಂದಿರು ಇಲ್ಲಿ ಸ್ವಲ್ಪ ಗಮನ ಕೊಡಿ. ಟಿಕೆಟ್ ಮೇಲೆ ಊರಿನ ಹೆಸರಿಗಿಂತ ಮೂರಕ್ಷರದ ಕೋಡ್ ಮುಖ್ಯ. ಓರೆಗನ್‌ನ ಪೋರ್ಟ್‌ಲ್ಯಾಂಡ್ ಪಿಡಿಎಕ್ಸ್, ಮೇನ್‌ನದು ಪಿಡಬ್ಲ್ಯುಎಂ. ನಡುವೆ ನೇರವಾಗಿ ಅಳೆದರೂ ಸುಮಾರು 4,000 ಕಿಲೋಮೀಟರ್. ಮಗ ಕಮಿನ್ಸ್ ಕಂಪನಿಯ ಮುಖ್ಯ ಕಚೇರಿಯಲ್ಲಿದ್ದರೆ ಅವನಿರುವುದು ಇಂಡಿಯಾನಾದ ಕೊಲಂಬಸ್‌ನಲ್ಲಿ. ಸಿಎಂಎಚ್ ಅಂತ ಬುಕ್ ಮಾಡಿದರೆ ಇಳಿಯುವುದು ಒಹಾಯೋದ ಕೊಲಂಬಸ್‌ನಲ್ಲಿ. ಷಿಕಾಗೊ ಹತ್ತಿರದ ಅರೋರಾದ ಬಾಲಾಜಿ ದೇವಸ್ಥಾನಕ್ಕೆ ಹೋಗಬೇಕೆಂದರೆ ನಕ್ಷೆಯಲ್ಲಿ ಇಲಿನಾಯ್ ಅಂತ ಸೇರಿಸಿ. ಡೆನ್ವರ್ ಪಕ್ಕದಲ್ಲೂ ಒಂದು ಅರೋರಾ ಇದೆ, ಜನಸಂಖ್ಯೆಯಲ್ಲಿ ಅದೇ ದೊಡ್ಡದು.

[ಪರದೆ: ನ್ಯೂಜೆರ್ಸಿ ನಕ್ಷೆ, ಕೆಂಪು ಚುಕ್ಕಿಗಳು]

ಕೊನೆಯದಾಗಿ ನ್ಯೂಜೆರ್ಸಿ. ಇಲ್ಲಿ ಒಂದೇ ರಾಜ್ಯದೊಳಗೆ ವಾಷಿಂಗ್ಟನ್ ಟೌನ್‌ಶಿಪ್‌ಗಳ ದೊಡ್ಡ ಗುಂಪೇ ಇತ್ತು. ಟೌನ್‌ಶಿಪ್ ಅಂದರೆ ಇಲ್ಲಿ ಬಡಾವಣೆ ಅಲ್ಲ, ಸ್ವಂತ ಆಡಳಿತ ಇರುವ ಊರು. ಅಂಚೆ ಕಚೇರಿಗೆ ಹೆಸರು ಬೇರೆ ಇದ್ದರೆ ಆಯಿತು, ಟೌನ್‌ಶಿಪ್ ಏನಂತ ಕರೆದುಕೊಂಡರೂ ಅಂಚೆಯವರಿಗೆ ಸಂಬಂಧವಿಲ್ಲ ನೋಡಿ. ಮರ್ಸರ್ ಕೌಂಟಿಯ ವಾಷಿಂಗ್ಟನ್ ಟೌನ್‌ಶಿಪ್‌ನವರಿಗೆ ಇದು ಸಾಕಾಗಿ ಹೋಯಿತು. ವೋಟು ಹಾಕಿ 2008ರಿಂದ ಹೆಸರು ಬದಲಿಸಿಕೊಂಡರು. ಹೊಸ ಹೆಸರು ರಾಬಿನ್ಸ್‌ವಿಲ್. ಅಲ್ಲಿನ ಕನ್ನಡಿಗರಿಗೆ ಹೇಳಬೇಕಾಗಿಲ್ಲ, 2023ರಲ್ಲಿ ದೊಡ್ಡ ಅಕ್ಷರಧಾಮ ದೇವಸ್ಥಾನ ತೆರೆದದ್ದು ಈ ಊರಿನಲ್ಲೇ.

ಉಳಿದ ಐದು ವಾಷಿಂಗ್ಟನ್ ಟೌನ್‌ಶಿಪ್‌ಗಳು ಹಾಗೇ ಇವೆ. ಅದರಲ್ಲಿ ವಾರನ್ ಕೌಂಟಿಯದು ಇನ್ನೂ ಮಜಾ: ಟೌನ್‌ಶಿಪ್‌ನ ಒಳಗೆ, ಸುತ್ತಲೂ ಅದರಿಂದಲೇ ಸುತ್ತುವರಿದ ಇನ್ನೊಂದು ಪುರಸಭೆ ಇದೆ. ಅದರ ಆಡಳಿತ ಬೇರೆ, ಮೇಯರ್ ಬೇರೆ. ಹೆಸರು ಮಾತ್ರ ವಾಷಿಂಗ್ಟನ್.