ಮನೆ ಮಂಜೂರಿಗೆ ಮೊದಲು ಗ್ರಾಮಸಭೆ

ಕೇಳುಗರೆಲ್ಲರಿಗೂ ನಮಸ್ಕಾರ.

ಸರ್ಕಾರದ ಮನೆ ಬೇಕೆನ್ನುವವರು ಮೊದಲು ಕೇಳುವುದು, ‘ಅರ್ಜಿ ಎಲ್ಲಿ ಕೊಡಬೇಕು ಸ್ವಾಮಿ?’ ಎಂದು. ಪಂಚಾಯಿತಿ ಕೆಲಸದಲ್ಲೇ ತಲೆ ನರೆಸಿಕೊಂಡ ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು, ‘ನಮ್ಮೂರಿನ ಗ್ರಾಮಸಭೆ ಯಾವತ್ತು?’ ಎಂಬುದು. ಹಳ್ಳಿಗಳಲ್ಲಿ ಫಲಾನುಭವಿಗಳ ಆಯ್ಕೆ ಆಗಬೇಕಾದದ್ದು ಆ ಸಭೆಯಲ್ಲಿ. ಯಾರದೋ ಮನೆಯ ಜಗಲಿಯಲ್ಲಿ ಅಲ್ಲ. ಆದರೆ ಸಭೆಯ ದಿನ ಊರೆಲ್ಲ ಕೂಲಿಗೆ ಹೋಗಿರುತ್ತದೆ. ಬಂದ ನಾಲ್ಕು ಮಂದಿಯ ಮುಂದೆ ಪಟ್ಟಿ ಓದಿ, ಸಹಿ ಹಾಕಿಸಿ, ಚಹಾ ಕುಡಿದು ಮುಗಿಸುತ್ತಾರೆ. ತಿಂಗಳ ನಂತರ ಪಂಚಾಯಿತಿ ಬಾಗಿಲಲ್ಲಿ ಜಗಳ ಶುರುವಾಗುತ್ತದೆ. ಒಂದು ದಿನದ ಕೂಲಿ ಹೋದರೂ ಹೋಗಲಿ, ಆ ದಿನ ಸಭೆಗೆ ಬನ್ನಿ. ಗ್ರಾಮಸಭೆಗೆ ಮೊದಲು ನಡೆಯುವ ವಾರ್ಡ್ ಸಭೆಯನ್ನೂ ಬಿಡಬೇಡಿ. ಹೆಸರು ಮೊದಲು ಏಳುವುದೇ ಅಲ್ಲಿ.

ಇನ್ನು ಯೋಜನೆಗಳ ಮಾತು. 1990ರ ದಶಕದ ಆಶ್ರಯ ಯೋಜನೆ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಇಂದಿಗೂ ಹಳ್ಳಿಗಳಲ್ಲಿ ಸರ್ಕಾರ ಕೊಟ್ಟ ಯಾವ ಮನೆಯಾದರೂ ‘ಆಶ್ರಯ ಮನೆ’ಯೇ. ಈಗ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮದ ಮೂಲಕ ಬಸವ ವಸತಿ ಯೋಜನೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಯೋಜನೆ, ವಿಧವೆಯರು ಹಾಗೂ ಅಂಗವಿಕಲರಂತಹ ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆ ನಡೆಯುತ್ತಿವೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ ಬೇರೆ. ಅದಕ್ಕೆ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿರಬೇಕು. ಗ್ರಾಮೀಣ ಭಾಗದಲ್ಲಿ ಸಾಮಾನ್ಯ ವರ್ಗಕ್ಕೆ 1.20 ಲಕ್ಷ ರೂಪಾಯಿ, ಅಂಬೇಡ್ಕರ್ ನಿವಾಸ್ ಯೋಜನೆಯಲ್ಲಿ 1.75 ಲಕ್ಷ ರೂಪಾಯಿ ಎಂಬುದು ಹಲವು ವರ್ಷಗಳಿಂದ ಕೊಟ್ಟುಕೊಂಡು ಬಂದ ಮೊತ್ತ. ಇಂದಿನ ಸಿಮೆಂಟು, ಕಬ್ಬಿಣದ ಬೆಲೆಗೆ ಇದು ಸಾಲದು ಎಂದು ಯಾರೂ ನನಗೆ ಹೇಳಬೇಕಾಗಿಲ್ಲ. ಇದು ಸಹಾಯಧನ ಮಾತ್ರ. ಮಿಕ್ಕದ್ದು ನಿಮ್ಮ ಕೈಯಿಂದಲೇ.

ಅರ್ಜಿಗಳು ನಿಜವಾಗಿ ಸಿಕ್ಕಿಬೀಳುವುದು ಕಾಗದದಲ್ಲಿ. ನಿವೇಶನ ಇದೆ, ಮೂರು ತಲೆಮಾರಿನಿಂದ ಅಲ್ಲೇ ಬದುಕಿದ್ದಾರೆ, ಆದರೆ ಖಾತೆ ಮಾತ್ರ ತೀರಿಹೋದ ತಾತನ ಹೆಸರಿನಲ್ಲಿ. ಪಂಚಾಯಿತಿ ಕೊಡುವ ಆಸ್ತಿ ದಾಖಲೆಗಳಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಕೈಗೆ ಬರಬೇಕಾದರೆ ಮೊದಲು ವಂಶವೃಕ್ಷ ಮಾಡಿಸಿ, ಅಣ್ಣತಮ್ಮಂದಿರ ಒಪ್ಪಿಗೆ ಪಡೆದು, ಖಾತೆ ಬದಲಾಯಿಸಬೇಕು. ಆ ಒಪ್ಪಿಗೆಯನ್ನು ಹಬ್ಬಕ್ಕೆ ಎಲ್ಲರೂ ಊರಿಗೆ ಬಂದಾಗಲೇ ಕೇಳಿ ಮುಗಿಸಿ. ಮನೆ ಬಂದಿದೆ ಎಂಬ ಸುದ್ದಿ ಹರಡಿದ ಮೇಲೆ ಕೇಳಿದರೆ ಅದರ ಬೆಲೆ ಏರಿರುತ್ತದೆ.

ಹೆಸರಿನ ತೊಡಕು ಇನ್ನೊಂದು. ರಾಜ್ಯದ ಯೋಜನೆಗಳಲ್ಲಿ ಮನೆ ಸಾಮಾನ್ಯವಾಗಿ ಮನೆಯ ಹೆಣ್ಣುಮಗಳ ಹೆಸರಿಗೇ ಮಂಜೂರಾಗುತ್ತದೆ. ಆಕೆ ಆಧಾರ್‌ನಲ್ಲಿ ಲಕ್ಷ್ಮವ್ವ, ಪಡಿತರ ಚೀಟಿಯಲ್ಲಿ ಲಕ್ಷ್ಮಮ್ಮ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಲಕ್ಷ್ಮೀದೇವಿ. ಊರಿಗೆ ಒಬ್ಬಳೇ, ಕಂಪ್ಯೂಟರಿಗೆ ಮೂವರು! ನಾಡಕಚೇರಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರ ಮಾಡಿಸುವ ಮೊದಲೇ ಇದನ್ನು ಸರಿಪಡಿಸಿಕೊಳ್ಳಬೇಕು. ಹಣ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಬೀಳುತ್ತದೆ. ಯಾವತ್ತೋ ತೆರೆದು ಮರೆತ ಖಾತೆಗೆ ಆಧಾರ್ ಜೋಡಣೆಯಾಗಿದ್ದರೆ ಕಂತು ಅಲ್ಲಿಗೇ ಹೋಗಿ ಕೂರುತ್ತದೆ. ಬ್ಯಾಂಕಿನಲ್ಲಿ ಒಮ್ಮೆ ವಿಚಾರಿಸಿ ಇಟ್ಟುಕೊಳ್ಳಿ.

ಮಂಜೂರಾದ ಮೇಲೂ ಎಚ್ಚರ ಬೇಕು. ಕಾಮಗಾರಿ ಆದೇಶ ಕೈಗೆ ಬರುವ ತನಕ ಹಳೆಯ ಗೋಡೆಯ ಒಂದು ಕಲ್ಲನ್ನೂ ಕೀಳಬೇಡಿ. ಪಂಚಾಯಿತಿಯವರು ಬಂದು ಜಾಗದ ಜಿಪಿಎಸ್ ಫೋಟೊ ತೆಗೆಯುತ್ತಾರೆ. ಆಮೇಲೆ ತಳಪಾಯ, ಕಿಟಕಿ ಮಟ್ಟ, ಛಾವಣಿ, ಪೂರ್ಣ ಎಂದು ಹಂತ ಹಂತಕ್ಕೆ ಫೋಟೊ. ಅದನ್ನು ನೋಡಿ ಕಂತಿನ ಹಣದ ಬಿಲ್ಲು. ಮೊದಲು ತೋರಿಸಿದ್ದು ಒಂದು ಜಾಗ, ಕಟ್ಟಿದ್ದು ಊರಾಚೆಯ ಇನ್ನೊಂದು ಜಾಗ ಎಂದಾದರೆ ಬಿಲ್ಲು ನಿಂತಿತೆಂದೇ ಲೆಕ್ಕ. ಇನ್ನೊಂದು ಚಪಲ, ತಳಪಾಯವನ್ನು ಬೀಗರು ಮೆಚ್ಚುವಷ್ಟು ಉದ್ದಗಲ ಹಾಕುವುದು. ಆವಾಸ್ ಯೋಜನೆ ಕೇಳುವುದು ಅಡುಗೆಮನೆಯೂ ಸೇರಿ ಕನಿಷ್ಠ 25 ಚದರ ಮೀಟರ್. ದೊಡ್ಡ ಆಸೆಗೆ ತಳಪಾಯ ಹಾಕಿ, ಕಿಟಕಿ ಮಟ್ಟಕ್ಕೆ ಬಂದು ಕಾಸಿಲ್ಲದೆ ನಿಂತ ಗೋಡೆಗಳು ಯಾವ ಊರಿನಲ್ಲಿಲ್ಲ, ಹೇಳಿ? ಒಂದು ಕೋಣೆ, ಒಂದು ಅಡುಗೆಮನೆ, ಒಂದು ಬಚ್ಚಲು ಮುಗಿಸಿ ಒಳಗೆ ಹೋಗಿ. ಪಡಸಾಲೆಯನ್ನು ಮಗ ದುಡಿದ ಮೇಲೆ ಸೇರಿಸಿಕೊಳ್ಳಬಹುದು.

ಪಟ್ಟಣದವರು ಪುರಸಭೆ, ನಗರಸಭೆಯಲ್ಲಿ ವಿಚಾರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಗರ ಆವಾಸ್ ಯೋಜನೆಯ ಎರಡನೆಯ ಹಂತದಲ್ಲಿ, ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿದ್ದು ಸ್ವಂತ ನಿವೇಶನದಲ್ಲಿ ಕಟ್ಟಿಕೊಳ್ಳುವವರಿಗೆ ನೆರವಿದೆ. 9 ಲಕ್ಷದವರೆಗಿನ ಆದಾಯದ ಕುಟುಂಬಗಳಿಗೆ ಗೃಹಸಾಲದ ಬಡ್ಡಿಯಲ್ಲಿ ಸಹಾಯಧನವಿದೆ. ದೇಶದಲ್ಲಿ ಎಲ್ಲಿಯೂ ಪಕ್ಕಾ ಮನೆ ಇರಬಾರದು ಎಂಬ ಷರತ್ತು ಎಲ್ಲರಿಗೂ ಒಂದೇ.

‘ಇಷ್ಟು ಕೊಡಿ, ಮನೆ ಹಾಕಿಸಿಕೊಡುತ್ತೇನೆ’ ಎನ್ನುವವರು ಪ್ರತಿ ಊರಿನಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಕೈಯಲ್ಲಿರುವುದು ನಿಮಗಿಂತ ಎರಡು ದಿನ ಮೊದಲು ಸಿಕ್ಕ ಸುದ್ದಿ, ಅಷ್ಟೇ. ಮನೆ ಮಂಜೂರಾದವರು ತಮ್ಮ ಫಲಾನುಭವಿ ಸಂಖ್ಯೆಯನ್ನು ವಸತಿ ನಿಗಮದ ಜಾಲತಾಣದಲ್ಲಿ ಹಾಕಿದರೆ ಯಾವ ಹಂತಕ್ಕೆ ಎಷ್ಟು ಹಣ ಬಿಡುಗಡೆಯಾಗಿದೆ ಎಂಬುದು ಕಾಣುತ್ತದೆ. ಮೊಬೈಲ್ ಇರುವ ಮಕ್ಕಳಿಗೆ ಹೇಳಿದರೆ ನೋಡಿಕೊಡುತ್ತಾರೆ. ಹೆಸರು ಬಿಟ್ಟುಹೋಗಿದ್ದರೆ ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ. ಗ್ರಾಮಸಭೆಯ ನಡವಳಿಯ ನಕಲು ಕೇಳಿ, ಅದನ್ನು ಹಿಡಿದು ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆಯಿರಿ. ನಕಲು ಕೊಡಲು ಸತಾಯಿಸಿದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ.

ನಮಸ್ಕಾರ.